ಕೈಗ್ರೈಂಡರ್ ಸುಟ್ಟಿತೇ? ಬಿಚ್ಚುವ ಮೊದಲು ಓದಿ



ಬೋರ್ಡೋ ದ್ರಾವಣ, ಗೊಬ್ಬರದ ಲೆಕ್ಕ, ಕಾಯಿಕೊರಕದ ಹತೋಟಿ, ಪೇಟೆಯ ಧಾರಣೆ ಇವುಗಳ ಬಗ್ಗೆಯೇ ಸಾಮಾನ್ಯವಾಗಿ ಬರೆಯುತ್ತಿದ್ದ ನಾವು ಈ ಸಲ ಕೈಯಲ್ಲಿ ಹಿಡಿದು ನಡೆಸುವ ಒಂದು ಸಣ್ಣ ಯಂತ್ರದ ಬಗ್ಗೆ ಬರೆಯುತ್ತಿದ್ದೇವೆ. ಅದಕ್ಕೆ ಕಾರಣವಿದೆ. ಸಂಘದಿಂದ ಸದಸ್ಯರಿಗೆ ಬಾಡಿಗೆಗೆ ಕೊಡುವ ಕೈಗ್ರೈಂಡರ್ ಕಳೆದ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಅದರ ಹೆಸರಿನಲ್ಲಿ ಒಬ್ಬ ನೌಕರನಿಗೆ ಅನ್ಯಾಯವೂ ಆಯಿತು. ಆ ಅನ್ಯಾಯಕ್ಕೆ ಸಹಿ ಹಾಕಿದವರು ನಾವೇ. ಯಂತ್ರದ ವಿಚಾರವನ್ನು ಸರಿಯಾಗಿ ತಿಳಿದಿದ್ದರೆ ಹಾಗೆ ಆಗುತ್ತಿರಲಿಲ್ಲ. ಆದುದರಿಂದ ತಿಳಿದುಕೊಂಡದ್ದನ್ನು ಎಲ್ಲರೊಡನೆ ಹಂಚಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ನಡೆದದ್ದು

ಹೂಮಳೆ ತಡವಾದ್ದರಿಂದ ಸದಸ್ಯರೊಬ್ಬರು ಸ್ಪ್ರಿಂಕ್ಲರ್ ಹಾಕಲು ಅವಸರಪಟ್ಟಿದ್ದರು. ಹಳೆಯ ಕಬ್ಬಿಣದ ಪೈಪುಗಳನ್ನು ಕೆರೆಯ ದಂಡೆಯಲ್ಲೇ ಕತ್ತರಿಸಿ ಜೋಡಿಸಬೇಕಾಗಿತ್ತು. ಸಂಘದ ಫಿಟ್ಟರ್ ಹುಡುಗ ಗ್ರೈಂಡರ್ ತೆಗೆದುಕೊಂಡು ಹೋದ. ಪಂಪ್‌ಹೌಸಿನಿಂದ 60 ಮೀಟರು ವೈರು ಎಳೆದು ಕೆಲಸ ಆರಂಭಿಸಿದ. ಮಧ್ಯಾಹ್ನದ ಹೊತ್ತಿಗೆ ಯಂತ್ರದಿಂದ ಹೊಗೆ ಬಂದು ನಿಂತೇಹೋಯಿತು. “ವೋಲ್ಟೇಜೇ ಇರ್ಲಿಲ್ಲ ಸಾರ್, ಮಿಷಿನ್ ಎಳೀತಾನೇ ಇರ್ಲಿಲ್ಲ” ಎಂದು ಅವನು ಹೇಳಿದ. ನಾವು ನಂಬಲಿಲ್ಲ. ಯಂತ್ರವನ್ನು ಒತ್ತಿ ಹಿಡಿದು ಸುಟ್ಟಿದ್ದಾನೆ ಎಂದು ಸಮಿತಿಯ ಮುಂದೆ ಟಿಪ್ಪಣಿ ಇಟ್ಟೆವು. ಯಂತ್ರದ ಬೆಲೆ 3,200 ರೂಪಾಯಿ. ಅದರಲ್ಲಿ ಅರ್ಧವನ್ನು, ಅಂದರೆ 1,600 ರೂಪಾಯಿಯನ್ನು, ಎರಡು ಕಂತಿನಲ್ಲಿ ಸಂಬಳದಿಂದ ಹಿಡಿಯುವುದೆಂದು ತೀರ್ಮಾನವಾಯಿತು. ಮೊದಲ ಕಂತು 800 ರೂಪಾಯಿ ಹಿಡಿದದ್ದೂ ಆಯಿತು.

ಮುಂದಿನ ತಿಂಗಳು ಸಂಘದ ಕೆಲಸಕ್ಕಾಗಿ ನಾವು ಬೆಂಗಳೂರಿಗೆ ಹೋಗಬೇಕಾಯಿತು. ಬಸವೇಶ್ವರನಗರದಲ್ಲಿ ತಂಗಿಯ ಮನೆ. ಸುಟ್ಟ ಗ್ರೈಂಡರನ್ನು ಚೀಲಕ್ಕೆ ಹಾಕಿಕೊಂಡೇ ಹೋದೆವು. ಭಾವನವರು ಅದನ್ನು ನೋಡಿ, ಕಾಮಾಕ್ಷಿಪಾಳ್ಯದಲ್ಲಿ ತಮಗೆ ಗೊತ್ತಿರುವ ಒಂದು ವೈಂಡಿಂಗ್ ಅಂಗಡಿಗೆ ಕರೆದುಕೊಂಡು ಹೋದರು.

ಆ ಭಾಗದ ಬಗ್ಗೆ ಎರಡು ಮಾತು

ನಾವು ಎಸ್ಟೇಟ್ ಎಂದರೆ ಕಾಫಿ ಗಿಡ, ನೆರಳಿನ ಮರ, ಕಣ, ಲೈನು ಮನೆ ಇಷ್ಟನ್ನೇ ನೆನೆಯುತ್ತೇವೆ. ರಾಜಾಜಿನಗರದಲ್ಲಿ ಎಸ್ಟೇಟ್ ಎಂದರೆ ಸಾಲು ಸಾಲು ಷೆಡ್ಡುಗಳು, ಲೇತುಗಳು, ಮಿಲ್ಲಿಂಗ್ ಯಂತ್ರಗಳು. ಬೆಂಗಳೂರಿಗೆ 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ ಮೋಟಾರುಗಳ ತಯಾರಿಕೆಗೆ ಹೆಸರಾಯಿತು. 1960ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಕಚೇರಿ ಇರುವುದೂ ರಾಜಾಜಿನಗರದ ಕೈಗಾರಿಕಾ ಎಸ್ಟೇಟಿನಲ್ಲಿಯೇ. ಅಲ್ಲಿಂದ ಮಾಗಡಿ ರಸ್ತೆಯ ಕಡೆಗೆ ಬಂದರೆ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ. ಅಡ್ಡರಸ್ತೆಗಳಲ್ಲಿ ಮನೆಗಳ ನಡುವೆಯೇ ಸಣ್ಣ ಸಣ್ಣ ಕಾರ್ಖಾನೆಗಳು. ಒಂದು ಕಡೆ ಗೇರು ಕಡಿಯುತ್ತಾರೆ, ಇನ್ನೊಂದು ಕಡೆ ಸ್ಪ್ರಿಂಗು ಸುತ್ತುತ್ತಾರೆ, ಮತ್ತೊಂದು ಕಡೆ ಮೋಟಾರು ಕಟ್ಟುತ್ತಾರೆ.

ಅಂಗಡಿಯ ಮೇಸ್ತ್ರಿಯವರು ಅರವತ್ತು ದಾಟಿದವರು. ಎರಡು ಮಧ್ಯಾಹ್ನ ನಾವು ಅವರ ಬೆಂಚಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ನೋಡಿದೆವು, ಕೇಳಿದೆವು, ಬರೆದುಕೊಂಡೆವು. ಮುಂದಿನ ವಿಷಯದಲ್ಲಿ ಬಹುಭಾಗ ಆ ಬೆಂಚಿನ ಪಾಠವೇ.

1. ಯಂತ್ರದೊಳಗೆ ಏನಿದೆ?

ಪಂಪ್‌ಸೆಟ್ಟಿನಲ್ಲಿರುವ ಇಂಡಕ್ಷನ್ ಮೋಟಾರು ನಮಗೆಲ್ಲ ಪರಿಚಿತ. ಅದು ವಿದ್ಯುತ್ತಿನ ಆವರ್ತಕ್ಕೆ ಕಟ್ಟುಬಿದ್ದದ್ದು. ನಮ್ಮ ದೇಶದಲ್ಲಿ ಸೆಕೆಂಡಿಗೆ 50 ಆವರ್ತ. ಆದುದರಿಂದ ನೇರವಾಗಿ ಲೈನಿಗೆ ಜೋಡಿಸಿದ ಅಂಥ ಮೋಟಾರು ನಿಮಿಷಕ್ಕೆ 3,000 ಸುತ್ತನ್ನು ಮೀರಲಾರದು. ಆದರೆ 100 ಮಿ.ಮೀ. ಡಿಸ್ಕಿನ ಕೈಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಇದಕ್ಕೆ ಬಳಸುವುದು ಬೇರೆ ಜಾತಿಯ ಮೋಟಾರು. ಅದನ್ನು ಯೂನಿವರ್ಸಲ್ ಮೋಟಾರು ಎನ್ನುತ್ತಾರೆ. ಎ.ಸಿ., ಡಿ.ಸಿ. ಎರಡರಲ್ಲೂ ಅದು ಓಡುವುದರಿಂದ ಆ ಹೆಸರು. ಮನೆಯ ಮಿಕ್ಸಿಯಲ್ಲೂ ಸಾಮಾನ್ಯವಾಗಿ ಇರುವುದು ಇದೇ.

ಇದರ ಭಾಗಗಳು ಹೀಗಿವೆ. ಹೊರಗಡೆ ಅಲುಗಾಡದೆ ಕುಳಿತಿರುವ ಫೀಲ್ಡ್ ಕಾಯಿಲ್. ನಡುವೆ ತಿರುಗುವ ಆರ್ಮೇಚರ್. ಆರ್ಮೇಚರಿನ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳನ್ನು ಉಂಗುರದಂತೆ ಜೋಡಿಸಿದ ಕಮ್ಯುಟೇಟರ್. ಅದರ ಮೇಲೆ ಸ್ಪ್ರಿಂಗಿನ ಒತ್ತಡದಿಂದ ಉಜ್ಜುತ್ತಾ ವಿದ್ಯುತ್ತನ್ನು ದಾಟಿಸುವ ಎರಡು ಕಾರ್ಬನ್ ಬ್ರಷ್‌ಗಳು. ಆರ್ಮೇಚರಿನ ಇನ್ನೊಂದು ತುದಿಯಲ್ಲಿ ಗಾಳಿಯ ಫ್ಯಾನು ಮತ್ತು ಹಲ್ಲಿನ ಗೇರು. ಎರಡೂ ತುದಿಗೆ ಬೇರಿಂಗು. ಕರೆಂಟು ಒಂದು ಫೀಲ್ಡ್ ಕಾಯಿಲಿನಿಂದ ಬ್ರಷ್, ಆರ್ಮೇಚರ್, ಇನ್ನೊಂದು ಬ್ರಷ್, ಇನ್ನೊಂದು ಕಾಯಿಲು ಹೀಗೆ ಒಂದೇ ಸರಪಳಿಯಲ್ಲಿ ಹರಿಯುತ್ತದೆ. ಸರಪಳಿಯ ಒಂದು ಕೊಂಡಿ ಕಳಚಿದರೂ ಯಂತ್ರ ಸತ್ತಂತೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ದೋಷ ಹುಡುಕುವುದು ಅರ್ಧ ಸುಲಭ.

ವಿದ್ಯುತ್ತಿನ ಕೈಡ್ರಿಲ್ಲನ್ನು ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ 1895ರಲ್ಲಿಯೇ ತಯಾರಿಸಿತು. ಅಂದಿನಿಂದ ಇಂದಿನವರೆಗೆ ಪ್ಲಾಸ್ಟಿಕ್ ಮೈ ಬಂದಿದೆ, ತೂಕ ಇಳಿದಿದೆ, ಬ್ರಷ್ ಇಲ್ಲದ ಬ್ಯಾಟರಿ ಯಂತ್ರಗಳೂ ಪೇಟೆಗೆ ಬಂದಿವೆ. ಆದರೆ ನಮ್ಮ ತೋಟಗಳಲ್ಲಿ ವೈರಿನಿಂದ ಓಡುವ ಗ್ರೈಂಡರ್, ಡ್ರಿಲ್ಲುಗಳಲ್ಲಿ ಹೆಚ್ಚಿನವು ಕಾರ್ಬನ್ ಬ್ರಷ್ ಇರುವಂಥವೇ.

2. ಬಿಚ್ಚುವ ಮೊದಲು

ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ನಿಮ್ಮ ಕಣ್ಣ ಮುಂದೆಯೇ ಇಟ್ಟುಕೊಳ್ಳಿ. ಸ್ವಿಚ್ಚು ಆರಿಸಿದರೆ ಸಾಲದು. ಡಿಸ್ಕನ್ನು ಕಳಚಿ. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿ. ಯಾವ ವೈರು ಯಾವ ಕಡೆಯಿಂದ ಹೋಗಿತ್ತು ಎಂಬುದು ಜೋಡಿಸುವಾಗ ನೆನಪಿಗೆ ಬರುವುದಿಲ್ಲ. ಸ್ಕ್ರೂಗಳನ್ನು ಹಾಳೆಯ ಮೇಲೆ ಬಿಚ್ಚಿದ ಕ್ರಮದಲ್ಲಿಯೇ ಇಡಿ. ಗ್ಯಾರಂಟಿ ಅವಧಿ ಮುಗಿಯದ ಯಂತ್ರವನ್ನು ಮಾತ್ರ ಬಿಚ್ಚಲೇಬೇಡಿ.

3. ರೋಗ ಮತ್ತು ಲಕ್ಷಣ

(ಅ) ಸ್ವಿಚ್ಚು ಹಾಕಿದರೆ ಸದ್ದೇ ಇಲ್ಲ. ಮೊದಲು ಸಾಕೆಟ್ಟಿಗೆ ಬೇರೊಂದು ದೀಪ ಹಾಕಿ ನೋಡಿ. ಎಷ್ಟೋ ಸಲ ರೋಗ ಅಲ್ಲೇ ಇರುತ್ತದೆ. ಸಾಕೆಟ್ಟು ಸರಿಯಿದ್ದರೆ ಪ್ಲಗ್ಗನ್ನು ಕಿತ್ತು, ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಪ್ಲಗ್ಗಿನ ಎರಡು ಮುಖ್ಯ ಪಿನ್ನುಗಳಿಗೆ ಕಡ್ಡಿ ಮುಟ್ಟಿಸಿ, ಯಂತ್ರದ ಸ್ವಿಚ್ಚು ಒತ್ತಿ. ಸರಪಳಿ ಸರಿಯಿದ್ದರೆ ಕೆಲವು ಓಮ್‌ಗಳು ತೋರಿಸಬೇಕು. ಏನೂ ತೋರದಿದ್ದರೆ ಎಲ್ಲೋ ತುಂಡಾಗಿದೆ. ಆಗ ವೈರು ಯಂತ್ರದೊಳಗೆ ಹೋಗುವ ಕುತ್ತಿಗೆಯ ಬಳಿ ವೈರನ್ನು ಅತ್ತಿತ್ತ ಬಗ್ಗಿಸಿ. ಮುಳ್ಳು ಅಥವಾ ಅಂಕಿ ಕುಣಿದರೆ ವೈರು ಅಲ್ಲಿಯೇ ಮುರಿದಿದೆ. ಇದು ಅತಿ ಸಾಮಾನ್ಯ ರೋಗ. ವೈರು ಹಿಡಿದು ಯಂತ್ರವನ್ನು ಎತ್ತುವುದೇ ಇದಕ್ಕೆ ಕಾರಣ. ಮುರಿದ ಭಾಗವನ್ನು ಕತ್ತರಿಸಿ ಹಾಕಿ, ಉಳಿದದ್ದನ್ನು ಒಳಗೆ ಬಿಗಿಯಾಗಿ ಜೋಡಿಸಿದರೆ ಆಯಿತು. ವೈರು ಸರಿಯಿದ್ದರೆ ಸ್ವಿಚ್ಚು, ಆಮೇಲೆ ಬ್ರಷ್, ಕೊನೆಗೆ ಕಾಯಿಲು ಎಂಬ ಕ್ರಮದಲ್ಲಿ ನೋಡಿ. ವೇಗ ಬದಲಿಸುವ ಎಲೆಕ್ಟ್ರಾನಿಕ್ ಸ್ವಿಚ್ಚು ಇರುವ ಡ್ರಿಲ್ಲಿಗೆ ಪ್ಲಗ್ಗಿನಲ್ಲಿ ಮಾಡುವ ಈ ಪರೀಕ್ಷೆ ಸರಿಯಾಗಿ ಹೊಂದುವುದಿಲ್ಲ. ಅಲ್ಲಿ ಸ್ವಿಚ್ಚನ್ನು ಬಿಟ್ಟು ಮುಂದಿನ ಭಾಗಗಳನ್ನು ಅಳೆಯಬೇಕು.

(ಆ) ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ, ತಟ್ಟಿದರೆ ಮತ್ತೆ ಓಡುತ್ತದೆ. ಇದು ಬಹುತೇಕ ಸವೆದ ಕಾರ್ಬನ್ ಬ್ರಷ್‌ನ ಲಕ್ಷಣ. ಹೊಸ ಬ್ರಷ್‌ನ ಉದ್ದದಲ್ಲಿ ಮೂರನೇ ಒಂದು ಪಾಲು ಉಳಿದಾಗ ಬದಲಾಯಿಸತಕ್ಕದ್ದು. ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಒಂದನ್ನು ಮಾತ್ರ ಬದಲಾಯಿಸುವುದು ಎತ್ತಿನ ಜೋಡಿಯಲ್ಲಿ ಒಂದಕ್ಕೆ ಮಾತ್ರ ಹುಲ್ಲು ಹಾಕಿದಂತೆ. ಬ್ರಷ್ ತನ್ನ ಗೂಡಿನಲ್ಲಿ ಸಡಿಲವಾಗಿ ಅಲ್ಲಾಡಬಾರದು, ಬಿಗಿಯಾಗಿ ಸಿಕ್ಕಿಕೊಳ್ಳಲೂಬಾರದು. ಬೆರಳಿನಿಂದ ಒತ್ತಿ ಬಿಟ್ಟರೆ ಸ್ಪ್ರಿಂಗಿನ ಬಲಕ್ಕೆ ತಾನೇ ಮೇಲೆ ಬರಬೇಕು. ಸ್ವಲ್ಪ ದಪ್ಪಗಿದ್ದರೆ ನಯವಾದ ಅರದಿಂದ ಉಜ್ಜಬಹುದು. ತೆಳ್ಳಗಿದ್ದರೆ ಬಳಸಲೇಬಾರದು. ಅಳತೆ ಹೊಂದಿತೆಂದು ಸಿಕ್ಕಿದ ಬ್ರಷ್ ಹಾಕುವುದೂ ಸರಿಯಲ್ಲ. ಅತಿ ಗಟ್ಟಿಯಾದ ಕಾರ್ಬನ್ ತಾನು ಉಳಿದು ಕಮ್ಯುಟೇಟರನ್ನು ತಿಂದುಹಾಕುತ್ತದೆ. ಯಂತ್ರದ ಮಾದರಿ ಸಂಖ್ಯೆ ಹೇಳಿ, ಹಳೆಯ ಬ್ರಷ್ ತೋರಿಸಿ ಕೊಂಡುಕೊಳ್ಳಿ. ಹೊಸ ಬ್ರಷ್ ಹಾಕಿದ ಮೇಲೆ ಕೆಲವು ನಿಮಿಷ ಕೆಲಸವಿಲ್ಲದೆ ಬರಿದೆ ಓಡಿಸಿದರೆ ಅದರ ಮುಖ ಕಮ್ಯುಟೇಟರಿನ ದುಂಡಗೆ ಹೊಂದಿಕೊಳ್ಳುತ್ತದೆ.

(ಇ) ಕಿಡಿ ಹೆಚ್ಚು. ಬ್ರಷ್‌ನ ಅಂಚಿನಲ್ಲಿ ಸಣ್ಣ ನೀಲಿ ಕಿಡಿ ಕಾಣುವುದು ಸಹಜ. ಅದಕ್ಕೆ ಹೆದರಬೇಕಿಲ್ಲ. ಆದರೆ ಕಮ್ಯುಟೇಟರಿನ ಸುತ್ತಲೂ ಬೆಂಕಿಯ ಬಳೆಯಂತೆ ಕಿಡಿ ಕಂಡರೆ ಕೂಡಲೇ ನಿಲ್ಲಿಸಿ. ಬ್ರಷ್ ಸವೆದಿರಬಹುದು, ಕಮ್ಯುಟೇಟರ್ ಹಾಳಾಗಿರಬಹುದು ಅಥವಾ ಆರ್ಮೇಚರಿನಲ್ಲಿ ಷಾರ್ಟ್ ಆಗಿರಬಹುದು. ಒಳ್ಳೆಯ ಕಮ್ಯುಟೇಟರ್ ಚಾಕೊಲೇಟಿನ ಬಣ್ಣಕ್ಕೆ ತಿರುಗಿರುತ್ತದೆ. ಅದು ಕೊಳೆಯಲ್ಲ. ಅದನ್ನು ಉಜ್ಜಿ ಹೊಳಪು ಬರಿಸಬೇಕೆಂದು ಹೊರಡಬೇಡಿ. ಕಪ್ಪು ಮಸಿ ಕಟ್ಟಿದ್ದರೆ ನಯವಾದ ಗಾಜುಕಾಗದದಿಂದ ಮೆಲ್ಲಗೆ ಒರೆಸಿ. ಎಮರಿ ಕಾಗದ ಬೇಡ. ಅದರ ಪುಡಿ ವಿದ್ಯುತ್ತನ್ನು ಹರಿಸುವಂಥದು. ಪಟ್ಟಿಗಳ ನಡುವೆ ಸೇರಿದರೆ ಷಾರ್ಟ್ ಆಗುತ್ತದೆ. ಪಟ್ಟಿಗಳ ನಡುವಣ ಸಂದುಗಳನ್ನು ಮೊನೆಯಿರುವ ಕಡ್ಡಿಯಿಂದ ಬಿಡಿಸಿ.

(ಈ) ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಪ್ಲಗ್ ಕಿತ್ತು ಕೈಯಿಂದ ತಿರುಗಿಸಿ ನೋಡಿ. ತಿರುಗದಿದ್ದರೆ ಬೇರಿಂಗು ಅಥವಾ ಗೇರು ಸಿಕ್ಕಿಕೊಂಡಿದೆ. ಇಂಥ ಸ್ಥಿತಿಯಲ್ಲಿ ಸ್ವಿಚ್ಚು ಒತ್ತಿ ಹಿಡಿಯುವುದು ಆರ್ಮೇಚರನ್ನು ಕೈಯಾರೆ ಸುಟ್ಟಂತೆ.

(ಉ) ಕರಕರ ಶಬ್ದ, ಕೈ ನಡುಗುವಷ್ಟು ಅದುರು. ಬೇರಿಂಗು ಹೋಗಿದೆ ಅಥವಾ ಡಿಸ್ಕು ಸರಿಯಾಗಿ ಕುಳಿತಿಲ್ಲ. ಬೇರಿಂಗಿನ ಅಂಚಿನಲ್ಲಿಯೇ ನಂಬರು ಕೆತ್ತಿರುತ್ತದೆ. ಉದಾಹರಣೆಗೆ 608 ಎಂದಿದ್ದರೆ ಒಳರಂಧ್ರ 8 ಮಿ.ಮೀ., ಹೊರಸುತ್ತಿನ ವ್ಯಾಸ 22 ಮಿ.ಮೀ., ಅಗಲ 7 ಮಿ.ಮೀ. ನಂಬರಿನ ಮುಂದಿನ ಅಕ್ಷರಗಳೂ ಮುಖ್ಯ. ಅವು ಮುಚ್ಚಳ ತಗಡಿನದೋ ರಬ್ಬರಿನದೋ ಎಂಬುದನ್ನು ಹೇಳುತ್ತವೆ. ಇದ್ದದ್ದನ್ನೇ ಹಾಕಿ. ಹಳೆಯ ಬೇರಿಂಗನ್ನು ಪುಲ್ಲರಿನಿಂದ ತೆಗೆಯಿರಿ. ಹೊಸದನ್ನು ಶಾಫ್ಟಿಗೆ ಕೂರಿಸುವಾಗ ಒಳಬಳೆಯ ಮೇಲೆ ಮಾತ್ರ ಒತ್ತಡ ಬೀಳಬೇಕು. ಹೊರಬಳೆಗೆ ಸುತ್ತಿಗೆಯ ಪೆಟ್ಟು ಕೊಟ್ಟರೆ ಹೊಸ ಬೇರಿಂಗು ಅಂದೇ ಹಳೆಯದಾಗುತ್ತದೆ.

(ಊ) ಗೇರಿನ ತಲೆ ಅತಿಯಾಗಿ ಬಿಸಿ. ಗ್ರೀಸು ಒಣಗಿದೆ, ಇಲ್ಲವೆ ತುಂಬಿ ತುಳುಕಿದೆ. ಪೆಟ್ಟಿಗೆಯ ಅರ್ಧದಷ್ಟು ಗ್ರೀಸು ಸಾಕು. ಹೆಚ್ಚಾದ ಗ್ರೀಸು ಬಿಸಿಗೆ ಕರಗಿ ಆರ್ಮೇಚರಿನ ಕಡೆಗೆ ಹರಿದು, ದೂಳಿನೊಡನೆ ಸೇರಿ ಕೆಸರಾಗುತ್ತದೆ. ಬಂಡಿಗೆ ಹಾಕುವ ಗ್ರೀಸು ಇದಕ್ಕೆ ಬೇಡ. ಬಿಸಿ ತಡೆಯುವ ಲಿಥಿಯಂ ಗ್ರೀಸು ಕೇಳಿ ತನ್ನಿ.

4. ಆರ್ಮೇಚರಿನ ಪರೀಕ್ಷೆ

ಸುಟ್ಟ ವಾಸನೆ ಬಂದ ಯಂತ್ರದಲ್ಲಿ ಮೂರು ಪರೀಕ್ಷೆ ಮಾಡಬೇಕು. ಒಂದು, ಕಮ್ಯುಟೇಟರಿನ ಅಕ್ಕಪಕ್ಕದ ಎರಡೆರಡು ಪಟ್ಟಿಗಳ ನಡುವೆ ಓಮ್ ಅಳೆಯುತ್ತಾ ಒಂದು ಸುತ್ತು ಬರುವುದು. ಎಲ್ಲ ಜೋಡಿಗಳೂ ಒಂದೇ ಸಮನಾಗಿ ತೋರಬೇಕು. ಒಂದು ಜೋಡಿ ಮಾತ್ರ ಹೆಚ್ಚು ತೋರಿದರೆ ತಂತಿ ತುಂಡು, ಕಡಿಮೆ ತೋರಿದರೆ ಷಾರ್ಟ್. ಎರಡು, ಪಟ್ಟಿಗೂ ಶಾಫ್ಟಿಗೂ ನಡುವೆ ಅಳೆಯುವುದು. ಅಲ್ಲಿ ಸಂಪರ್ಕವೇ ಇರಕೂಡದು. ಇದ್ದರೆ ಯಂತ್ರದ ಮೈಗೆ ಕರೆಂಟು ಬರುವ ಅಪಾಯವಿದೆ. ಮೂರು, ಗ್ರೌಲರ್ ಪರೀಕ್ಷೆ. ಇದು ವೈಂಡಿಂಗ್ ಅಂಗಡಿಗಳಲ್ಲಿ ಮಾತ್ರ ಇರುತ್ತದೆ. ಆರ್ಮೇಚರನ್ನು ಗ್ರೌಲರಿನ ಮೇಲಿಟ್ಟು, ಹ್ಯಾಕ್ಸಾ ಬ್ಲೇಡನ್ನು ಸಾಲುಗಳ ಮೇಲೆ ಹಿಡಿಯುತ್ತಾ ತಿರುಗಿಸುತ್ತಾರೆ. ಷಾರ್ಟ್ ಆದ ಸಾಲಿನ ಮೇಲೆ ಬ್ಲೇಡು ಗರಗರನೆ ಕಂಪಿಸುತ್ತದೆ.

ಆರ್ಮೇಚರ್ ಕಟ್ಟಿಸಬೇಕೇ, ಹೊಸದು ಹಾಕಬೇಕೇ ಎಂಬ ಪ್ರಶ್ನೆ ಬರುತ್ತದೆ. ದೊಡ್ಡ ಯಂತ್ರಕ್ಕೆ ಕಟ್ಟಿಸುವುದು ಲಾಭ. ಸಣ್ಣ ಗ್ರೈಂಡರಿಗೆ ಹೊಸದೇ ವಾಸಿ. ನಿಮಿಷಕ್ಕೆ 11,000 ಸುತ್ತು ತಿರುಗುವ ವಸ್ತುವಿನಲ್ಲಿ ತೂಕ ಒಂದು ಕಡೆಗೆ ಸ್ವಲ್ಪವೇ ಹೆಚ್ಚಾದರೂ ಅದುರು ಬಂದು ಬೇರಿಂಗು ಹಾಳಾಗುತ್ತದೆ. ಕಟ್ಟಿದ ಮೇಲೆ ತೂಕ ಸರಿದೂಗಿಸುವ ಸೌಕರ್ಯ ಎಲ್ಲ ಅಂಗಡಿಗಳಲ್ಲಿ ಇರುವುದಿಲ್ಲ.

5. ಸುಟ್ಟದ್ದು ಹೇಗೆ?

ಈಗ ನಮ್ಮ ಯಂತ್ರದ ವಿಚಾರ. ಮೇಸ್ತ್ರಿಯವರು ಮೈ ಬಿಚ್ಚಿ ಆರ್ಮೇಚರ್, ಫೀಲ್ಡ್ ಕಾಯಿಲ್ ಎರಡನ್ನೂ ಬೆಳಕಿಗೆ ಹಿಡಿದರು. ಎರಡರ ಮೇಲಿನ ವಾರ್ನಿಷೂ ಒಂದೇ ಸಮನಾಗಿ ಕಪ್ಪಾಗಿತ್ತು. ಅವರು ಕೇಳಿದ ಮೊದಲ ಪ್ರಶ್ನೆ, “ವೈರು ಎಷ್ಟುದ್ದ ಹಾಕಿದ್ರಿ ಸಾರ್?”

ಅವರು ವಿವರಿಸಿದ ಕಾರಣ ಹೀಗಿದೆ. ಆರ್ಮೇಚರಿನ ಒಂದೆರಡು ಸಾಲು ಮಾತ್ರ ಸುಟ್ಟಿದ್ದರೆ ಅದು ಅಲ್ಲಿಯ ತಂತಿಯ ದೋಷ. ಎರಡೂ ಭಾಗ ಸಮನಾಗಿ ಬೆಂದಿದ್ದರೆ ಯಂತ್ರ ಬಹಳ ಹೊತ್ತು ಹೆಚ್ಚು ಕರೆಂಟು ಎಳೆದಿದೆ, ಗಾಳಿ ಸಾಲದೆ ಬೆಂದಿದೆ ಎಂದು ಅರ್ಥ. ಯಂತ್ರವನ್ನು ತಣ್ಣಗಿಡುವ ಫ್ಯಾನು ಅದೇ ಶಾಫ್ಟಿನ ಮೇಲಿದೆ. ವೋಲ್ಟೇಜು ಕಡಿಮೆಯಾದರೆ ವೇಗ ಇಳಿಯುತ್ತದೆ. ವೇಗ ಇಳಿದರೆ ಗಾಳಿ ಕಡಿಮೆ. ಡಿಸ್ಕು ಕತ್ತರಿಸುವುದಿಲ್ಲವೆಂದು ಕೆಲಸಗಾರ ಒತ್ತುತ್ತಾನೆ. ಒತ್ತಿದಷ್ಟೂ ಕರೆಂಟು ಹೆಚ್ಚು, ವೇಗ ಇನ್ನೂ ಕಡಿಮೆ, ಶಾಖ ಇನ್ನೂ ಹೆಚ್ಚು.

ನಾವು ಅಲ್ಲಿಯೇ ಕಾಗದದ ಮೇಲೆ ಲೆಕ್ಕ ಹಾಕಿದೆವು. 60 ಮೀಟರು ದೂರವೆಂದರೆ ಹೋಗುವ, ಬರುವ ತಂತಿ ಸೇರಿ 120 ಮೀಟರು. ವೈರು 0.5 ಚದರ ಮಿ.ಮೀ. ತಾಮ್ರ. ಅದರ ತಡೆ 4.2 ಓಮ್. ಹೊರೆ ಬಿದ್ದಾಗ ಯಂತ್ರ 6 ಆಂಪಿಯರ್ ಎಳೆದರೆ ವೈರಿನಲ್ಲಿಯೇ 25 ವೋಲ್ಟು ನಷ್ಟ. ಬೇಸಿಗೆಯಲ್ಲಿ ಎಲ್ಲ ಪಂಪುಗಳೂ ಓಡುವ ಹೊತ್ತಿನಲ್ಲಿ ಪಂಪ್‌ಹೌಸಿನಲ್ಲಿ 180 ವೋಲ್ಟು ಇತ್ತೆಂದು ಇಟ್ಟುಕೊಂಡರೂ, 230ಕ್ಕೆ ಮಾಡಿದ ಯಂತ್ರಕ್ಕೆ ತಲುಪಿದ್ದು 155. ಹುಡುಗ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಇನ್ನು ಆ ವೈರನ್ನು ಕೊಂಡವರು ಯಾರು? ನಾವೇ. ದಪ್ಪ ವೈರಿಗೆ ಬೆಲೆ ಹೆಚ್ಚೆಂದು, ದೀಪಕ್ಕೆ ಹಾಕುವ ತೆಳು ವೈರನ್ನು ಸಂಘದ ಖರ್ಚು ಉಳಿಸಿದ ಹೆಮ್ಮೆಯಿಂದ ತಂದಿದ್ದೆವು. ಬಿಲ್ಲಿನ ಮೇಲೆ ಇರುವುದೂ ನಮ್ಮದೇ ಸಹಿ. ಬ್ರಷ್ ಕೂಡ ಸ್ಪ್ರಿಂಗಿನ ಮಟ್ಟಕ್ಕೆ ಸವೆದಿತ್ತು. ಯಂತ್ರ ಕೊಂಡಂದಿನಿಂದ ಅದನ್ನು ಒಮ್ಮೆಯೂ ಯಾರೂ ತೆಗೆದು ನೋಡಿರಲಿಲ್ಲ. ಗಾಳಿಯ ಕಿಂಡಿಗಳಲ್ಲಿ ಕಬ್ಬಿಣದ ಪುಡಿ ಗಟ್ಟಿಯಾಗಿ ಕುಳಿತಿತ್ತು. ಯಂತ್ರ ಬಿಸಿಯಾದಾಗ ಹುಡುಗ ನಿಲ್ಲಿಸಬೇಕಿತ್ತು, ನಿಜ. ಆದರೆ ನಿಲ್ಲಿಸಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದವರಿಗೇ ಗೊತ್ತಿರಲಿಲ್ಲ.

ರಿಪೇರಿಯ ಲೆಕ್ಕವನ್ನು ಸದಸ್ಯರ ಮುಂದಿಡುತ್ತೇವೆ: ಆರ್ಮೇಚರ್ 750, ಫೀಲ್ಡ್ ಕಾಯಿಲ್ 400, ಬ್ರಷ್ ಜೋಡಿ 60, ಬೇರಿಂಗು ಎರಡು 180, ಗ್ರೀಸು ಮತ್ತು ಕೂಲಿ 400, ಒಟ್ಟು 1,790 ರೂಪಾಯಿ. ಹೊಸದರ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಗೇರು ಮತ್ತು ಮೈ ಚೆನ್ನಾಗಿದ್ದುದರಿಂದ ಮಾಡಿಸಿದೆವು. ಅವೂ ಕೆಟ್ಟಿದ್ದರೆ ಹೊಸದನ್ನೇ ಕೊಳ್ಳುವುದು ಸರಿ.

6. ಉದ್ದ ವೈರು ಬೇಕಾದಾಗ

30 ಮೀಟರಿನವರೆಗೆ 1.5 ಚದರ ಮಿ.ಮೀ. ತಾಮ್ರದ ವೈರು, ಅದಕ್ಕೂ ದೂರಕ್ಕೆ 2.5 ಚದರ ಮಿ.ಮೀ. ಬಳಸಿ. ನಮ್ಮ ಅದೇ 60 ಮೀಟರಿಗೆ 2.5ರ ವೈರು ಹಾಕಿದ್ದರೆ ನಷ್ಟ 25ರ ಬದಲು 5 ವೋಲ್ಟು ಮಾತ್ರ ಆಗುತ್ತಿತ್ತು. ವೈರನ್ನು ಸುರುಳಿಯಲ್ಲೇ ಬಿಟ್ಟು ಬಳಸಬಾರದು, ಪೂರ್ತಿ ಬಿಚ್ಚಬೇಕು. ಸುರುಳಿಯೊಳಗೆ ಶಾಖ ನಿಲ್ಲುತ್ತದೆ. ಶಬ್ದ ಇಳಿಯುವಷ್ಟು ಯಂತ್ರವನ್ನು ಒತ್ತಬೇಡಿ. ಭಾರದ ಕೆಲಸ ಮುಗಿದೊಡನೆ ಸ್ವಿಚ್ಚು ಆರಿಸದೆ ಒಂದೆರಡು ನಿಮಿಷ ಬರಿದೆ ಓಡಿಸಿ. ಫ್ಯಾನಿನ ಗಾಳಿಗೆ ಒಳಗಿನ ಶಾಖ ಹೊರಹೋಗುತ್ತದೆ.

7. ಪ್ರಾಣಕ್ಕೆ ಸಂಬಂಧಿಸಿದ್ದು

ಯಂತ್ರ ಕೆಟ್ಟರೆ ಹಣದಿಂದ ಸರಿಹೋಗುತ್ತದೆ. ಕೈ ಹೋದರೆ ಬರುವುದಿಲ್ಲ. ಆದುದರಿಂದ ಈ ಭಾಗವನ್ನು ಸದಸ್ಯರು ತಮ್ಮ ಕೆಲಸಗಾರರಿಗೆ ಓದಿ ಹೇಳಬೇಕಾಗಿ ಕೋರುತ್ತೇವೆ.

ಡಿಸ್ಕಿನ ವೇಗ: 100 ಮಿ.ಮೀ. ಡಿಸ್ಕಿನ ಅಂಚು 11,000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 58 ಮೀಟರು, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಒಡೆದ ಚೂರು ಆ ವೇಗದಲ್ಲೇ ಹಾರುತ್ತದೆ. ಇಂಥ ಡಿಸ್ಕುಗಳ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರು ಎಂದು ಮಿತಿ ಬರೆದಿರುತ್ತದೆ. ಗಾರ್ಡು ಕಿತ್ತು, ಸಣ್ಣ ಯಂತ್ರಕ್ಕೆ 180 ಮಿ.ಮೀ. ಡಿಸ್ಕು ಹಾಕಿದರೆ ಅಂಚಿನ ವೇಗ 103 ಮೀಟರು ದಾಟುತ್ತದೆ. ಮಿತಿ ಮೀರಿದ ಡಿಸ್ಕು ಯಾವ ಕ್ಷಣದಲ್ಲಾದರೂ ಒಡೆಯಬಹುದು. ಸಂಘದ ಯಂತ್ರಗಳು ಎರಡು ಸಲ ಗಾರ್ಡು ಇಲ್ಲದೆ ವಾಪಸು ಬಂದಿವೆ. ಹೆಸರು ಬರೆಯುವುದಿಲ್ಲ, ಆದರೆ ಇದು ಮುಂದುವರಿಯಕೂಡದು.

ಡಿಸ್ಕಿನ ಆಯುಸ್ಸು: ನಡುವಿನ ತಗಡಿನ ಉಂಗುರದ ಮೇಲೆ ಬಳಸಬೇಕಾದ ಕೊನೆಯ ತಿಂಗಳು, ವರ್ಷ ಕೆತ್ತಿರುತ್ತದೆ. ಡಿಸ್ಕಿನ ಅಂಟು ತೇವಕ್ಕೆ ದುರ್ಬಲವಾಗುತ್ತದೆ. ನಮ್ಮ ಮಳೆಗಾಲದಲ್ಲಿ ಷೆಡ್ಡಿನ ಗೋಡೆಗೆ ತೂಗುಹಾಕಿದ ಡಿಸ್ಕನ್ನು ನಂಬಬೇಡಿ. ಮುಚ್ಚಿದ ಡಬ್ಬಿಯಲ್ಲಿ ಒಣಗಿದ ಜಾಗದಲ್ಲಿಡಿ. ಕತ್ತರಿಸುವ ತೆಳು ಡಿಸ್ಕಿನ ಪಕ್ಕದಿಂದ ಉಜ್ಜಬಾರದು. ಬ್ರಷ್ ಕಟರಿನ ಬ್ಲೇಡು ಮಸೆಯಲು ಬೇರೆ ದಪ್ಪ ಡಿಸ್ಕು ಇದೆ. ಹೊಸ ಡಿಸ್ಕು ಹಾಕಿದಾಗ ಅದರ ನೇರಕ್ಕೆ ನಿಲ್ಲದೆ, ಒಂದು ನಿಮಿಷ ಬರಿದೆ ಓಡಿಸಿ ನೋಡಿ.

ಬೆಂಕಿ: ಬ್ರಷ್ ಕಟರಿನ ಪೆಟ್ರೋಲ್ ಡಬ್ಬಿ, ಅಡಿಕೆ ಸಿಪ್ಪೆಯ ರಾಶಿ, ಗೋಣಿಚೀಲದ ಅಟ್ಟಿ ಇವುಗಳ ಹತ್ತಿರ ಗ್ರೈಂಡರ್ ಹಿಡಿಯಕೂಡದು. ಸಿಪ್ಪೆಯೊಳಗೆ ಬಿದ್ದ ಕಿಡಿ ಗಂಟೆಗಟ್ಟಲೆ ಒಳಗೇ ಹೊಗೆಯಾಡಿ, ಆಮೇಲೆ ಹೊತ್ತಿಕೊಳ್ಳಬಹುದು.

ಷಾಕು: ಯಂತ್ರದ ಫಲಕದ ಮೇಲೆ ಚೌಕದೊಳಗೊಂದು ಚೌಕದ ಗುರುತು ಇದ್ದರೆ ಅದು ಎರಡು ಪದರ ಇನ್ಸುಲೇಷನ್ ಇರುವ ಯಂತ್ರ, ಅದಕ್ಕೆ ಎರಡು ತಂತಿಯ ವೈರು ಸಾಕು. ಆ ಗುರುತಿಲ್ಲದ ಲೋಹದ ಮೈಯ ಹಳೆಯ ಡ್ರಿಲ್ಲು, ಗ್ರೈಂಡರುಗಳಿಗೆ ಮೂರು ತಂತಿಯ ವೈರು, ಮೂರು ಪಿನ್ನಿನ ಪ್ಲಗ್ಗು ಕಡ್ಡಾಯ. ಸಾಕೆಟ್ಟಿಗೆ ಹೊಂದಲಿಲ್ಲವೆಂದು ಅರ್ಥ್ ಪಿನ್ನು ಮುರಿಯುವುದು ಪ್ರಾಣಕ್ಕೆ ಅಪಾಯ. ರಿಪೇರಿ ಆದ ಮೇಲೆ 500 ವೋಲ್ಟಿನ ಮೆಗ್ಗರಿನಿಂದ ವೈಂಡಿಂಗಿಗೂ ಮೈಗೂ ನಡುವೆ ಅಳೆಸಿ. 2 ಮೆಗೋಮ್‌ಗಿಂತ ಕಡಿಮೆ ಇದ್ದರೆ ಯಂತ್ರವನ್ನು ಯಾರ ಕೈಗೂ ಕೊಡಬೇಡಿ. ಹೊರಗೆ ಕೆಲಸ ಮಾಡುವ ಸಾಕೆಟ್ಟಿಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಮಳೆಯಲ್ಲಿ, ಒದ್ದೆ ನೆಲದಲ್ಲಿ ಈ ಯಂತ್ರಗಳನ್ನು ಬಳಸಲೇಬಾರದು.

8. ಸಂಘದ ತೀರ್ಮಾನಗಳು

ಬೆಂಗಳೂರಿನಿಂದ ಬಂದ ಮರುವಾರವೇ ಸಮಿತಿಯ ಸಭೆಯಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಹಿಡಿದ 800 ರೂಪಾಯಿಯನ್ನು ಫಿಟ್ಟರನಿಗೆ ಹಿಂದಿರುಗಿಸಲಾಗಿದೆ. ಎರಡನೆಯ ಕಂತಿನ ಆದೇಶ ರದ್ದಾಗಿದೆ. ಕಚೇರಿಯಲ್ಲಿ ಎಲ್ಲರೆದುರಿಗೆ ಅವನಲ್ಲಿ ಕ್ಷಮೆ ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ವೈರು ಒಂದು ಬದಲಾಯಿಸಿಬಿಡಿ ಸಾರ್” ಎಂದಷ್ಟೇ ಹೇಳಿದ. ವೈರು ಬದಲಾಗಿದೆ.

ಅಲ್ಲದೆ ಈ ಕೆಳಗಿನ ನಿಯಮಗಳು ಜಾರಿಗೆ ಬಂದಿವೆ:

1. ಬಾಡಿಗೆ ಯಂತ್ರದ ಜೊತೆ ಸಂಘದ 2.5 ಚದರ ಮಿ.ಮೀ. ವೈರನ್ನೇ ಒಯ್ಯತಕ್ಕದ್ದು.

2. ಯಂತ್ರ ಹೊರಡುವಾಗ ಮತ್ತು ಬಂದಾಗ ಗಾರ್ಡು, ವೈರಿನ ಕುತ್ತಿಗೆ, ಡಿಸ್ಕಿನ ತಾರೀಖು ನೋಡಿ ರಿಜಿಸ್ಟರಿನಲ್ಲಿ ಬರೆಯತಕ್ಕದ್ದು.

3. ಮೂರು ತಿಂಗಳಿಗೊಮ್ಮೆ ಬ್ರಷ್ ತೆಗೆದು ನೋಡಿ, ಕಿಂಡಿಗಳಿಗೆ ಒಣ ಗಾಳಿ ಊದಿ ಶುಚಿ ಮಾಡತಕ್ಕದ್ದು. ಊದುವಾಗ ಕನ್ನಡಕ ಹಾಕಿಕೊಳ್ಳತಕ್ಕದ್ದು.

4. ಯಂತ್ರ ಕೆಟ್ಟರೆ ಕಾರಣ ಪರೀಕ್ಷೆಯಾಗಿ, ಬರಹದಲ್ಲಿ ದಾಖಲಾಗುವ ಮೊದಲು ಯಾರ ಸಂಬಳದಿಂದಲೂ ಹಣ ಹಿಡಿಯತಕ್ಕದ್ದಲ್ಲ.

ನಾಲ್ಕನೆಯ ನಿಯಮವನ್ನು ಸದಸ್ಯರು ತಮ್ಮ ತಮ್ಮ ತೋಟಗಳಲ್ಲೂ ಪಾಲಿಸಬೇಕೆಂದು ನಮ್ಮ ವಿಶೇಷ ವಿನಂತಿ. ಪಲ್ಪರ್ ಕೆಟ್ಟರೆ, ಅಡಿಕೆ ಸುಲಿಯುವ ಯಂತ್ರ ನಿಂತರೆ, ಸ್ಪ್ರೇಯರ್ ಹೊತ್ತಿಕೊಂಡರೆ ಮೊದಲು ಬೈಗುಳ ಬೀಳುವುದು ಅದನ್ನು ಹಿಡಿದಿದ್ದ ಕೈಗೆ. ಬಿಚ್ಚಿ ನೋಡಿದ ಮೇಲೆ ಬೈಯಲು ಕಾರಣ ಉಳಿದಿದ್ದರೆ ಆಗ ಯೋಚಿಸೋಣ.

ಮಲ್ಟಿಮೀಟರ್ ಮತ್ತು ಬೇರಿಂಗ್ ಪುಲ್ಲರ್ ಈಗ ಸಂಘದ ಕಚೇರಿಯಲ್ಲಿವೆ. ಮಳೆ ಹಿಡಿಯುವ ಮೊದಲು ಸದಸ್ಯರು ತಮ್ಮ ಡ್ರಿಲ್ಲು, ಗ್ರೈಂಡರುಗಳನ್ನು ಶನಿವಾರ ಮಧ್ಯಾಹ್ನ ತಂದರೆ ಬ್ರಷ್, ವೈರು, ಅರ್ಥ್ ಪರೀಕ್ಷೆ ಮಾಡಿಕೊಡಲಾಗುವುದು. ಪರೀಕ್ಷೆ ಮಾಡುವವನು ನಮ್ಮ ಅದೇ ಫಿಟ್ಟರ್.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ